ಪಾದ ಒತ್ತುವ ಮೊದಲು ಪಾದವನ್ನು ನೋಡಬೇಕು

ಕಾಲಿನ ಹರಡಿನ ಒಳಬದಿಯಲ್ಲಿ ಗರ್ಭಕೋಶ, ಹೊರಬದಿಯಲ್ಲಿ ಅಂಡಾಶಯ. ಪಾದದ ಒಂದೊಂದು ಬಿಂದುವೂ ದೇಹದ ಒಂದೊಂದು ಅಂಗಕ್ಕೆ ಸಂಬಂಧಿಸಿದೆ ಎಂದು ನಂಬಿ ಅಲ್ಲಿ ಒತ್ತುವ ಪದ್ಧತಿ ರಿಫ್ಲೆಕ್ಸಾಲಜಿ. ಬೆಂಗಳೂರಿನ ರಿಫ್ಲೆಕ್ಸಾಲಜಿ ಕೇಂದ್ರಗಳ ಗೋಡೆಯಲ್ಲಿ ತೂಗುವ ಪಾದದ ನಕ್ಷೆ ಹೀಗೆನ್ನುತ್ತದೆ. 1917ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ ದೇಹವನ್ನು ಉದ್ದಕ್ಕೆ ಹತ್ತು ವಲಯಗಳಾಗಿ ವಿಂಗಡಿಸಿದ ಸಿದ್ಧಾಂತವನ್ನು ಪ್ರಕಟಿಸಿದರು. 1930ರ ದಶಕದಲ್ಲಿ ಅದನ್ನು ಪಾದದ ನಕ್ಷೆಯಾಗಿ ಬೆಳೆಸಿದವರು ಯೂನಿಸ್ ಇಂಗಮ್. ಸ್ತ್ರೀ ಆರೋಗ್ಯದ ಫಿಸಿಯೊಥೆರಪಿಸ್ಟ್ ಆದ ನಾನೂ ಪಾದ ಒತ್ತುತ್ತೇನೆ, ಅದರಿಂದ ಸಿಗುವ ನೆಮ್ಮದಿಯನ್ನು ಕಣ್ಣಾರೆ ಕಾಣುತ್ತೇನೆ. ಆದರೆ ಅಲ್ಲಿ ಒತ್ತಿದರೆ ಗರ್ಭಕೋಶದ ಕಾಯಿಲೆ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ.

ಹಾಗೆಂದು ಆ ಜಾಗವನ್ನು ತಳ್ಳಿಹಾಕುವಂತೆಯೂ ಇಲ್ಲ. ಹರಡಿನ ಒಳಬದಿಯಲ್ಲಿ ಸಾಗುವ ಟಿಬಿಯಲ್ ನರದ ಬೇರುಗಳು ಬೆನ್ನುಹುರಿಯ ಕೆಳಭಾಗದಲ್ಲಿವೆ. ಮೂತ್ರಕೋಶಕ್ಕೆ ಹೋಗುವ ನರಗಳೂ ಅದೇ ನೆರೆಯಿಂದ ಹೊರಡುತ್ತವೆ. ಪದೇ ಪದೇ ಮೂತ್ರದ ಅವಸರವಾಗುವವರಿಗೆ ಹರಡಿಗಿಂತ ಸ್ವಲ್ಪ ಮೇಲೆ ಸಣ್ಣ ಸೂಜಿಯಿಟ್ಟು ಈ ನರಕ್ಕೆ ಲಘು ವಿದ್ಯುತ್ ಹಾಯಿಸುವ ಚಿಕಿತ್ಸೆಯಿದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ಕೊಡುತ್ತಾರೆ. ಹೆಬ್ಬೆರಳಿನ ಒತ್ತಡ ಅದಕ್ಕೆ ಸಮವೆಂದು ನಾನು ಹೇಳಲಾರೆ.

ಮುಟ್ಟಿನ ವಿಚಾರಕ್ಕೆ ಬಂದರೆ, ಹೊಟ್ಟೆನೋವಿಗೆ ಮುಖ್ಯ ಕಾರಣ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಅದು ಗರ್ಭಕೋಶವನ್ನು ಹಿಂಡುತ್ತದೆ; ಮೊದಲ ಒಂದೆರಡು ದಿನ ಅದರ ಆರ್ಭಟ ಹೆಚ್ಚು. ಬಿಸಿನೀರಿನ ಚೀಲ, ವೈದ್ಯರು ಹೇಳಿದ ನೋವಿನ ಮಾತ್ರೆ, ನಡಿಗೆ ಇವೇ ನನ್ನ ಮೊದಲ ಸಲಹೆ. ಪಾದದ ಚಿಕಿತ್ಸೆಯನ್ನು ಮುಟ್ಟಿಗೆ ಮುಂಚಿನ ವಾರದಲ್ಲಿ ಕೊಡಲು ಇಷ್ಟಪಡುತ್ತೇನೆ. ಆಗಿನ ಸಿಡುಕು, ಮೈಭಾರ, ನಿದ್ದೆಗೇಡಿಗೆ ಅದು ಒಗ್ಗುತ್ತದೆ. 1993ರಲ್ಲಿ 35 ಮಹಿಳೆಯರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಕಿವಿ, ಕೈ, ಪಾದಗಳ ನಿಗದಿತ ಬಿಂದುಗಳನ್ನು ಒತ್ತಿಸಿಕೊಂಡವರಿಗೆ, ಬೇರೆಡೆ ಒತ್ತಿಸಿಕೊಂಡವರಿಗಿಂತ ಹೆಚ್ಚು ಆರಾಮ ಸಿಕ್ಕಿತ್ತು. ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನನಗೆ ಬಹಳ ಸಂತೋಷವಾಯಿತು. ಈ ನೋವನ್ನು ಹೆಂಗಸರು ಹಲ್ಲು ಕಚ್ಚಿ ಮುಚ್ಚಿಟ್ಟುಕೊಂಡದ್ದು ಸಾಕು. ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ತಿಂಗಳಿಂದ ತಿಂಗಳಿಗೆ ನೋವು ಏರುತ್ತಿದ್ದರೆ ನನ್ನ ಬಳಿಗಿಂತ ಮೊದಲು ಸ್ತ್ರೀರೋಗ ತಜ್ಞರ ಬಳಿಗೆ ಹೋಗಬೇಕು. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಪಾದ ಒತ್ತಿದರೆ ಹೋಗುವುದಿಲ್ಲ.

ನಾನು ಹೆಚ್ಚು ಎಚ್ಚರ ವಹಿಸುವುದು ಬಸುರಿಯರ ವಿಷಯದಲ್ಲಿ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಗಾರ್ಮೆಂಟ್ಸ್ ಕೆಲಸದವರು, ಹೊರವರ್ತುಲ ರಸ್ತೆಯ ಕಚೇರಿಗಳಿಂದ ಗಂಟೆಗಟ್ಟಲೆ ಕ್ಯಾಬಿನಲ್ಲಿ ಕಾಲು ಇಳಿಬಿಟ್ಟು ಬರುವವರು, ಇಬ್ಬರದ್ದೂ ಒಂದೇ ದೂರು: ಸಂಜೆಗೆ ಚಪ್ಪಲಿ ಹಿಡಿಸುವುದಿಲ್ಲ. ಮನೆಯವರು ‘ಬಸುರಿಗೆ ಕಾಲು ಊದುವುದು ಸಹಜ’ ಎನ್ನುತ್ತಾರೆ. ಬಹಳಷ್ಟು ಸಲ ಅದು ನಿಜ. ತುಂಬು ಬಸುರಿಯರ ಕಾಲೂತದ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಿಫ್ಲೆಕ್ಸಾಲಜಿಯಿಂದ ಊತದ ಅಳತೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಆದರೆ ಆ ಮಹಿಳೆಯರಿಗೆ ಹಾಯೆನಿಸಿತ್ತು. ನನ್ನ ಅನುಭವವೂ ಅದೇ.

ಆದರೆ ಎಲ್ಲ ಊತವೂ ಸಹಜವಲ್ಲ. ಅದಕ್ಕೇ ಮೊದಲು ತಾಯಿ ಕಾರ್ಡ್ ಕೇಳುತ್ತೇನೆ. ಅದರಲ್ಲಿ ರಕ್ತದೊತ್ತಡ 140/90 ಮುಟ್ಟಿದ್ದರೆ, ಮುಖ ಅಥವಾ ಕೈಬೆರಳು ಊದಿದ್ದರೆ, ತಲೆನೋವಿದ್ದರೆ, ಕಣ್ಣು ಮಂಜಾಗುತ್ತಿದ್ದರೆ ಎಣ್ಣೆಯ ಬಾಟಲಿ ತೆರೆಯುವುದಿಲ್ಲ. ಅಂದೇ ಆಸ್ಪತ್ರೆಗೆ ಕಳಿಸುತ್ತೇನೆ. ಅದು ಬಸುರಿನಲ್ಲಿ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆ ಇರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟುವುದೂ ಬೇಡ. ಗರ್ಭಿಣಿಯರಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು, ಅದೂ ಎಡಗಾಲಿನಲ್ಲಿ. ತಿಕ್ಕಿದರೆ ಹೆಪ್ಪು ಕದಲಿ ಶ್ವಾಸಕೋಶ ಸೇರಬಹುದು. ಪಾದವನ್ನು ನೋಡದೆ, ಏನನ್ನೂ ಕೇಳದೆ ನೇರವಾಗಿ ಒತ್ತಲು ಕೂರುವವರ ಕೈಗೆ ಬಸುರಿಯರು ಕಾಲು ಕೊಡಬಾರದು.

ದಿನ ತುಂಬಿದವರು ‘ಹೆರಿಗೆ ನೋವು ಬರುವ ಹಾಗೆ ಒತ್ತಿ’ ಎಂದು ಕೇಳುವುದುಂಟು. ಹರಡಿನ ಮೇಲೆ ನಾಲ್ಕು ಬೆರಳಗಲ ದೂರದ ಬಿಂದು ಅದಕ್ಕೆಂದೇ ಹೆಸರುವಾಸಿ. ಆಕ್ಯುಪ್ರೆಷರ್‌ನಿಂದ ಸಿಸೇರಿಯನ್ ತಪ್ಪುತ್ತದೆ ಎಂಬುದು ಈವರೆಗಿನ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿಲ್ಲ. ಆ ಬಿಂದುವನ್ನು ಬಸುರಿಯರಲ್ಲಿ ನಾನು ಗಟ್ಟಿಯಾಗಿ ಒತ್ತುವುದಿಲ್ಲ. ಹೆರಿಗೆ ಯಾವಾಗ ಎಂಬ ತೀರ್ಮಾನ ಪ್ರಸೂತಿ ವೈದ್ಯರದು. ಉದ್ಯಾನಗಳ ಬೆಣಚುಕಲ್ಲಿನ ಆಕ್ಯುಪ್ರೆಷರ್ ಹಾದಿಯನ್ನೂ ಕೊನೆಯ ತಿಂಗಳುಗಳಲ್ಲಿ ಬಿಡಿ. ಹೊಟ್ಟೆ ಮುಂದೆ ಬಂದು ದೇಹದ ತೂಕದ ಸಮತೋಲ ಬದಲಾಗಿರುತ್ತದೆ, ಜಾರಿದರೆ ಕಷ್ಟ.

ಮನೆಯಲ್ಲಿ ಗಂಡನೋ ಅಮ್ಮನೋ ಒತ್ತುವುದಾದರೆ, ಐದು ತಿಂಗಳ ನಂತರ ಅಂಗಾತ ಮಲಗಿಸಬೇಡಿ; ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. ದಿಂಬಿಗೆ ಒರಗಿ ಕೂರಲಿ ಅಥವಾ ಎಡಮಗ್ಗುಲಾಗಲಿ. ಬೆರಳತುದಿಯಿಂದ ಚುಚ್ಚದೆ, ಇಡೀ ಅಂಗೈಯಿಂದ ಬೆರಳುಗಳ ಕಡೆಯಿಂದ ಹಿಮ್ಮಡಿಯತ್ತ ಹದವಾಗಿ ಒತ್ತಿ. ಒಂದು ಕಾಲಿಗೆ ಹತ್ತು ನಿಮಿಷ ಸಾಕು. ಅವಳು ಬೇಡವೆಂದ ತಕ್ಷಣ ಕೈ ತೆಗೆಯಿರಿ.