ಹಸಿರು ಮುಚ್ಚಳ, ನೇರಳೆ ಮುಚ್ಚಳ

ಕಾಸರಗೋಡಿನ ಬದಿಯಡ್ಕದ ಅಡಿಕೆ ಕೃಷಿಕರೊಬ್ಬರು ತಮ್ಮನ ಅಸ್ಥಿಮಜ್ಜೆಯ ಮಾದರಿಯನ್ನು ತಾವೇ ಹೊತ್ತುಕೊಂಡು ಮಂಗಳೂರಿನ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ಕೆಡದಿರಲೆಂದು ಕೊಳವೆಯನ್ನು ಐಸ್ ನಡುವೆ ಹುಗಿದಿದ್ದರು. ಮುಚ್ಚಳ ನೇರಳೆ ಬಣ್ಣದ್ದು. ಕ್ಯಾರಿಯೊಟೈಪ್, ಅಂದರೆ ಕೋಶದ ವರ್ಣತಂತುಗಳನ್ನು (ಕ್ರೋಮೋಸೋಮ್) ಎಣಿಸಿ ನೋಡುವ ಪರೀಕ್ಷೆಗೆ ಐಸ್, ನೇರಳೆ ಮುಚ್ಚಳ ಎರಡೂ ಸಲ್ಲವು. ಹಾಗೆಂದು ಅವರನ್ನು ದೂರುವಂತಿಲ್ಲ, ಮಾದರಿ ತೆಗೆದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ.

ಈ ಪರೀಕ್ಷೆಗೆ ಬೇಕಾದದ್ದು ಜೀವಂತ ಕೋಶ. ವರ್ಣತಂತುಗಳನ್ನು ಎಣಿಸಿ ನೋಡಲು ಸಾಧ್ಯವಾಗುವುದು ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಮಾತ್ರ. ಆದ್ದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇರುವ ಹಸಿರು ಮುಚ್ಚಳದ ಕೊಳವೆಯಲ್ಲಿ ಬಂದ ಮಜ್ಜೆಯನ್ನು 37 ಡಿಗ್ರಿ ಬಿಸಿಯಲ್ಲಿ ಒಂದೆರಡು ದಿನ ಬೆಳೆಸುತ್ತೇವೆ. ಕಾಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ವಿಭಜನೆಯನ್ನು ಅರ್ಧದಲ್ಲೇ ನಿಲ್ಲಿಸಿ, ವರ್ಣತಂತುಗಳು ಬಿಡಿಬಿಡಿಯಾಗಿ ಕಾಣಲೆಂದು ತೆಳು ಲವಣದ್ರಾವಣದಲ್ಲಿ ಕೋಶಗಳನ್ನು ಉಬ್ಬಿಸುತ್ತೇವೆ. ಈ ಉಬ್ಬಿಸುವ ಉಪಾಯ ಸಿಕ್ಕಿದ್ದೇ ಒಂದು ಎಡವಟ್ಟಿನಿಂದ: 1952ರಲ್ಲಿ ಕೋಶವಿಜ್ಞಾನಿ ಟಿ.ಸಿ. ಹ್ಸು ಅವರ ಪ್ರಯೋಗಾಲಯದಲ್ಲಿ ದ್ರಾವಣಕ್ಕೆ ನೀರು ಹೆಚ್ಚಾಗಿತ್ತು. ಆಗಲೂ ಮನುಷ್ಯನಿಗೆ 48 ವರ್ಣತಂತುಗಳೆಂದೇ ನಂಬಿಕೆ. 46 ಎಂದು ಖಚಿತವಾದದ್ದು 1956ರಲ್ಲಿ. ಉಬ್ಬಿದ ಕೋಶಗಳನ್ನು ಗಾಜಿನ ಮೇಲೆ ತೊಟ್ಟಿಕ್ಕಿಸಿ, ಬಣ್ಣ ಕೊಟ್ಟು, ಸಾಮಾನ್ಯವಾಗಿ 20 ಕೋಶಗಳ ವರ್ಣತಂತುಗಳ ಪಟ್ಟೆಗಳನ್ನು ಒಂದೊಂದಾಗಿ ಓದುತ್ತೇವೆ. ವರದಿಗೆ ವಾರ ಹಿಡಿಯುವುದು ಇದಕ್ಕೇ. ಮಾದರಿ ಮಾತ್ರ ಒಂದು ದಿನದೊಳಗೆ ನಮ್ಮ ಕೈಸೇರಿದರೆ ಒಳ್ಳೆಯದು. 2020ರಲ್ಲಿ ಕೋವಿಡ್‌ನಿಂದಾಗಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಗಂಟೆಗಳ ಬೆಲೆ ಏನೆಂಬುದು ಕಾಸರಗೋಡಿನ ರೋಗಿಗಳಿಗೆ ಚೆನ್ನಾಗಿ ತಿಳಿದಿತ್ತು.

ಫಿಶ್ ಪರೀಕ್ಷೆ ಎಂದಾಗ ಆ ಕೃಷಿಕರು, "ನಾವು ಸಸ್ಯಾಹಾರಿಗಳು, ಡಾಕ್ಟರೇ" ಎಂದರು. ನಗು ತಡೆದುಕೊಂಡು, ಅದು ಮೀನಲ್ಲ, ವರ್ಣತಂತುವಿನ ಗೊತ್ತಾದ ತಾಣಗಳಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವ ಪರೀಕ್ಷೆ ಎಂದು ವಿವರಿಸಿದೆ. ಇದರಲ್ಲಿ ಕೋಶ ಒಡೆದು ಎರಡಾಗಬೇಕೆಂದಿಲ್ಲ. 9ನೆಯ ವರ್ಣತಂತುವಿನ ಒಂದು ತಾಣಕ್ಕೆ ಕೆಂಪು, 22ರದ್ದಕ್ಕೆ ಹಸಿರು ಹೊಳಪು ಅಂಟಿಸಿದರೆ, ತುಂಡುಗಳು ಅದಲುಬದಲಾದ ಕಡೆ ಎರಡೂ ಕೂಡಿ ಹಳದಿಯಾಗಿ ಕಾಣುತ್ತವೆ. ಸಿಎಂಎಲ್ ರಕ್ತಕ್ಯಾನ್ಸರಿನ ಗುರುತು ಅದು. ಇಮ್ಯಾಟಿನಿಬ್ ಮಾತ್ರೆ ಹಿಡಿದು ನಿಲ್ಲಿಸುವುದು ಅಲ್ಲಿ ಹುಟ್ಟುವ ಪ್ರೊಟೀನನ್ನೇ. ಆದರೆ ಫಿಶ್ ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಕ್ಯಾರಿಯೊಟೈಪ್ ಎಲ್ಲವನ್ನೂ ನೋಡುತ್ತದೆ, ಸಣ್ಣದು ಕಣ್ತಪ್ಪುತ್ತದೆ. ಮಕ್ಕಳ ಲ್ಯುಕೇಮಿಯಾ ಎಂಬ ರಕ್ತಕ್ಯಾನ್ಸರಿನಲ್ಲಿ 12 ಮತ್ತು 21ನೆಯ ವರ್ಣತಂತುಗಳ ಅದಲುಬದಲು ಕ್ಯಾರಿಯೊಟೈಪಿನಲ್ಲಿ ಬಹುತೇಕ ಕಾಣುವುದೇ ಇಲ್ಲ. 'ನಾರ್ಮಲ್' ಎಂಬ ಒಂದು ಪದ ಓದಿ ಹರಕೆ ತೀರಿಸಲು ಹೊರಡುವವರನ್ನು ನಾನು ತಡೆಯುವುದು ಇದಕ್ಕಾಗಿ. 15 ಮತ್ತು 17ರ ಅದಲುಬದಲಿನ ಲ್ಯುಕೇಮಿಯಾದಲ್ಲಂತೂ ರಕ್ತಸ್ರಾವವೇ ಪ್ರಾಣ ತೆಗೆಯಬಹುದು. ಅನುಮಾನ ಬಂದೊಡನೆ ವರದಿಗೆ ಕಾಯದೆ ಔಷಧಿ ಆರಂಭಿಸುತ್ತಾರೆ.

ಅವರು ತಂದದ್ದು ಪೂರ್ತಿ ವ್ಯರ್ಥವಾಗಲಿಲ್ಲ. ವಂಶವಾಹಿಯ ತುಣುಕನ್ನು ಬಹುಪಟ್ಟು ಮಾಡಿ ಹುಡುಕುವ ಪಿಸಿಆರ್ ಪರೀಕ್ಷೆಗೆ ನೇರಳೆ ಮುಚ್ಚಳವೇ ಸರಿ, ಹೆಪಾರಿನ್ ಅದಕ್ಕೆ ಅಡ್ಡಿ. ಚಿಕಿತ್ಸೆಯ ನಡುವೆ ಉಳಿದ ರೋಗವನ್ನು ಅಳೆಯಲೂ ಪಿಸಿಆರ್ ಬಳಸುತ್ತೇವೆ. ಕ್ಯಾರಿಯೊಟೈಪಿಗೆ ಮಾತ್ರ ತಮ್ಮನ ಸೊಂಟದ ಮೂಳೆಗೆ ಮತ್ತೊಮ್ಮೆ ಸೂಜಿ ಹಾಕಬೇಕಾಯಿತು. ಅಣ್ಣ ಬೆಳಗಿನ ಬಸ್ಸಿಗೇ ಬಂದರು. ಟಿಫಿನ್ ಡಬ್ಬಿಯೊಳಗೆ ಹತ್ತಿ, ಹತ್ತಿಯೊಳಗೆ ಹಸಿರು ಮುಚ್ಚಳ, ಐಸ್ ಇರಲಿಲ್ಲ.