ಮಾಡದ ತಪ್ಪನ್ನು ಒಪ್ಪಿಕೊಳ್ಳುವವರು

ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ: ಒಣಗಿಸಿಟ್ಟ ಅಡಿಕೆ ಕಳವು, ಇಬ್ಬರ ಬಂಧನ. ಕೊನೆಯ ಸಾಲೂ ನಮಗೆ ಬಾಯಿಪಾಠ. ‘ತೀವ್ರ ವಿಚಾರಣೆಗೆ ಒಳಪಡಿಸಿದಾಗ ಆರೋಪಿ ಬಾಯಿಬಿಟ್ಟಿದ್ದಾನೆ.’ ಅಷ್ಟು ಓದಿ ಪತ್ರಿಕೆ ಮಡಿಚಿಡುತ್ತೇವೆ. ಕಳ್ಳನೇ ಒಪ್ಪಿಕೊಂಡ ಮೇಲೆ ಇನ್ನೇನು? ಆದರೆ ನಾವು ಕಣ್ಣುಮುಚ್ಚಿ ನಂಬುವ ಈ ಸಾಲನ್ನು ನಮ್ಮ ಕಾನೂನು ನೂರೈವತ್ತು ವರ್ಷಗಳಿಗೂ ಹಿಂದಿನಿಂದ ನಂಬಿಲ್ಲ.

ನನಗೆ ಆ ಸಾಲಿನ ಮೇಲೆ ಅನುಮಾನ ಹುಟ್ಟಿದ್ದು ತೀರ್ಥಹಳ್ಳಿ ಸೀಮೆಯ ಅಜ್ಜನ ಮನೆಯ ಜಗಲಿಯಲ್ಲಿ. ನಾನಾಗ ಚಿಕ್ಕವನು. ಮನೆಯ ಬೆಳ್ಳಿ ಲೋಟವೊಂದು ಕಾಣೆಯಾಗಿತ್ತು. ಕೆಲಸಕ್ಕಿದ್ದ ಹುಡುಗನನ್ನು ಕೂರಿಸಿಕೊಂಡು ದೊಡ್ಡವರೆಲ್ಲ ಮಧ್ಯಾಹ್ನದಿಂದ ಕೇಳಿದರು. ಯಾರೂ ಕೈ ಎತ್ತಲಿಲ್ಲ. ನಮ್ಮ ಕಡೆ ಎಷ್ಟೋ ತೋಟಗಳ ಬೇಲಿಗೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂಬ ಬೋರ್ಡು ತೂಗುತ್ತದೆ; ಹಾಗಾಗಿ ಅಮ್ಮನವರ ಆಣೆಯ ಮಾತೂ ಬಂತು. ಆಣೆ ಮಾಡುತ್ತೇನೆ ಎಂದು ಅವನು ಮೊದಲೇ ಹೇಳಿದ್ದ. ‘ಒಪ್ಪಿಕೊಂಡರೆ ಮನೆಗೆ ಕಳಿಸುತ್ತೇವೆ’ ಎಂದು ಅಜ್ಜ ಮೆಲ್ಲಗೆ ಹೇಳಿದ್ದೇ ಕೆಲಸ ಮಾಡಿತು. ದೀಪ ಹಚ್ಚುವ ಹೊತ್ತಿಗೆ ‘ನಾನೇ ತೆಗೆದೆ’ ಎಂದ. ಎಲ್ಲಿಟ್ಟೆ? ಹೊಳೆಗೆ ಎಸೆದೆ. ಹೊಳೆಯಲ್ಲಿ ಎಲ್ಲಿ? ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ನಾಲ್ಕನೆಯ ದಿನ ಲೋಟ ಬಚ್ಚಲ ಹಂಡೆಯ ಹಿಂದೆ ಸಿಕ್ಕಿತು. ಒಪ್ಪಿಕೊಂಡದ್ದು ಹಾಗಿರಲಿ, ಆ ಒಗೆಯುವ ಕಲ್ಲು ಎಲ್ಲಿಂದ ಬಂತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

1855ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ನಡೆಯುತ್ತಿದ್ದ ಚಿತ್ರಹಿಂಸೆಯ ಬಗ್ಗೆ ವಿಚಾರಣಾ ಆಯೋಗವೊಂದು ವರದಿ ಕೊಟ್ಟಿತು. ನಮ್ಮ ಮಲೆನಾಡಿಗೆ ಅಂಟಿಕೊಂಡಿರುವ ಕೆನರಾ ಆಗ ಅದೇ ಪ್ರಾಂತ್ಯಕ್ಕೆ ಸೇರಿತ್ತು. ಬೆರಳುಗಳನ್ನು ಮರದ ತುಂಡುಗಳ ನಡುವೆ ಇಟ್ಟು ಅದುಮುವ ಕಿಟ್ಟಿ, ಮನುಷ್ಯನನ್ನು ಬಗ್ಗಿಸಿ ಹಗ್ಗದಲ್ಲಿ ಕಟ್ಟಿ ಗಂಟೆಗಟ್ಟಲೆ ನಿಲ್ಲಿಸುವ ಶಿಕ್ಷೆ ಎಲ್ಲವೂ ಅದರಲ್ಲಿವೆ. ಕಂದಾಯ ವಸೂಲಿಗೂ ಅವೇ, ಕಳ್ಳತನ ಒಪ್ಪಿಸಲೂ ಅವೇ. ಇಂಥ ಅನುಭವದ ಹಿನ್ನೆಲೆಯಲ್ಲೇ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂಬ ನಿಯಮ ಮೊದಲು 1861ರ ದಂಡ ಪ್ರಕ್ರಿಯಾ ಸಂಹಿತೆಗೆ, ಅನಂತರ 1872ರ ಸಾಕ್ಷ್ಯ ಅಧಿನಿಯಮಕ್ಕೆ ಬಂತು. ಆ ಅಧಿನಿಯಮವನ್ನು ರೂಪಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್‌ಗೆ ಅಧಿಕಾರಿಯೊಬ್ಬರು ಕಾರಣವನ್ನು ಬಿಚ್ಚಿ ಹೇಳಿದ್ದರಂತೆ: ಬಿಸಿಲಿನಲ್ಲಿ ಸಾಕ್ಷ್ಯ ಹುಡುಕಿಕೊಂಡು ಅಲೆಯುವುದಕ್ಕಿಂತ ನೆರಳಿನಲ್ಲಿ ಕುಳಿತು ಬಡಪಾಯಿಯೊಬ್ಬನ ಕಣ್ಣಿಗೆ ಖಾರದ ಪುಡಿ ತಿಕ್ಕುವುದೇ ಹಿತ.

ಬಾಗಿಲು ಮುಚ್ಚಿದರೂ ಒಂದು ಕಿಂಡಿ ಉಳಿಯಿತು. ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ, ಮಾಹಿತಿಯ ಅಷ್ಟು ಭಾಗವನ್ನು ಒಪ್ಪಬಹುದು ಎಂದಿತು ಅದೇ ಅಧಿನಿಯಮದ 27ನೇ ಕಲಮು. ‘ನನ್ನನ್ನು ಕರೆದುಕೊಂಡು ಹೋದರೆ ತೋರಿಸಿಕೊಡುತ್ತೇನೆ’ ಎಂಬ ಸಾಲಿನೊಂದಿಗೆ ಮುಗಿಯುವ ಸ್ವಇಚ್ಛಾ ಹೇಳಿಕೆಗಳನ್ನು ನ್ಯಾಯಾಲಯದ ಕಡತಗಳಲ್ಲಿ ನೋಡಿದವರಿಗೆ ಈ ಕಿಂಡಿಯ ಅಗಲ ಗೊತ್ತು. ಹೇಳಿಕೆ ಸಾಕ್ಷ್ಯವಾಗದೇ ಇರಬಹುದು, ಆದರೆ ಅದು ಕೈಗೆ ಬಂದ ಮೇಲೆ ಬೇರೆ ದಿಕ್ಕಿನ ಹುಡುಕಾಟ ನಿಂತುಬಿಡುತ್ತದೆ. ನಿಜವಾದ ಕಳ್ಳ ನಿಶ್ಚಿಂತೆಯಿಂದ ಇರುವುದು ಆಗಲೇ.

ಹೊಡೆತವಿಲ್ಲದೆಯೂ ಜನ ಏಕೆ ಒಪ್ಪಿಕೊಳ್ಳುತ್ತಾರೆ? ಇಂಗ್ಲೆಂಡಿನ ಗಿಲ್ಡ್‌ಫೋರ್ಡ್ ಬಾಂಬ್ ಪ್ರಕರಣದಲ್ಲಿ ತಪ್ಪೊಪ್ಪಿಗೆಯ ಬಲದ ಮೇಲೆ 1975ರಲ್ಲಿ ಶಿಕ್ಷೆಗೆ ಒಳಗಾದ ನಾಲ್ವರು 1989ರಲ್ಲಿ ಬಿಡುಗಡೆಯಾದ ಮೇಲೆ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲ್ ಕ್ಯಾಸಿನ್ 1996ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಟೈಪ್ ಮಾಡುತ್ತಿದ್ದ ವಿದ್ಯಾರ್ಥಿಗಳಿಗೆ ಒಂದು ಕೀಲಿಯನ್ನು ಮಾತ್ರ ಒತ್ತಬೇಡಿ ಎಂದು ಹೇಳಲಾಗಿತ್ತು. ಕಂಪ್ಯೂಟರ್ ತಾನಾಗಿಯೇ ಕೆಟ್ಟಿತು, ಆರೋಪ ಅವರ ಮೇಲೆ ಬಂತು. ಶೇ 69ರಷ್ಟು ಮಂದಿ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ವೇಗವಾಗಿ ಟೈಪ್ ಮಾಡುತ್ತಿದ್ದವರ ಎದುರು ‘ನಾನು ನೋಡಿದೆ’ ಎಂದು ಸುಳ್ಳು ಸಾಕ್ಷಿ ನಿಂತಾಗ ಸಹಿ ಹಾಕದೆ ಉಳಿದವರೇ ಇಲ್ಲ. ಕೆಲವರು ತಾವು ಆ ಕೀಲಿಯನ್ನು ಹೇಗೆ ಒತ್ತಿದೆವು ಎಂಬ ವಿವರವನ್ನೂ ಕೊಟ್ಟರು. ಇದನ್ನು ಓದಿದಾಗ ನನಗೆ ಒಗೆಯುವ ಕಲ್ಲು ನೆನಪಾಯಿತು.

ಒಂಟಿತನ, ನಿದ್ದೆಗೇಡು, ಹಸಿವು, ಮನೆಯವರ ಚಿಂತೆ ಸೇರಿದಾಗ ಮನುಷ್ಯನ ಕಣ್ಣಿಗೆ ಮುಂದಿನ ಹತ್ತು ವರ್ಷ ಕಾಣುವುದಿಲ್ಲ, ಮುಂದಿನ ಹತ್ತು ನಿಮಿಷ ಮಾತ್ರ ಕಾಣುತ್ತದೆ. ಈ ಕೋಣೆಯಿಂದ ಹೊರಬಂದರೆ ಸಾಕು, ಸತ್ಯ ಆಮೇಲೆ ತಾನಾಗಿ ಹೊರಬರುತ್ತದೆ ಎಂದುಕೊಳ್ಳುತ್ತಾನೆ. ಇದು ನಿರಪರಾಧಿಗಳ ನಂಬಿಕೆ. ತಪ್ಪು ಮಾಡಿದವನಿಗೆ ಅಂಥ ಭರವಸೆ ಇರುವುದಿಲ್ಲ. ಎಳೆಯರು, ಬುದ್ಧಿ ಮಂದವಾಗಿರುವವರು, ಧಣಿಗಳೆದುರು ತಲೆ ಎತ್ತದೆ ಬೆಳೆದವರು ಬೇಗ ಕುಸಿಯುತ್ತಾರೆ.

ನಮ್ಮ ರಾಜ್ಯದ ಹೆಸರೂ ಈ ಇತಿಹಾಸದಲ್ಲಿದೆ. ಮಂಪರು ಪರೀಕ್ಷೆಗಾಗಿ ಒಂದು ಕಾಲಕ್ಕೆ ಬೇರೆ ರಾಜ್ಯಗಳ ಆರೋಪಿಗಳನ್ನೂ ಬೆಂಗಳೂರಿಗೆ ಕರೆತರಲಾಗುತ್ತಿತ್ತು. ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ತೀರ್ಪು ನೀಡಿದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲೇ. ವಿಚಾರಣೆ ನಡೆಸುವ ಕೋಣೆಯಲ್ಲೂ ಸಿಸಿಟಿವಿ ಇರಬೇಕು ಎಂದು 2020ರಲ್ಲಿ ಅದೇ ನ್ಯಾಯಾಲಯ ಆದೇಶಿಸಿತು.

2024ರ ಜುಲೈ 1ರಂದು ಹೊಸ ಕಾನೂನುಗಳು ಜಾರಿಗೆ ಬಂದವು. ಹಳೆಯ ನಿಷೇಧವೂ ಹಳೆಯ ಕಿಂಡಿಯೂ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಒಟ್ಟಿಗೆ ಕುಳಿತಿವೆ. ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣ ಕಡ್ಡಾಯವಾಗಿದೆ. ಅಂದರೆ ಅಡಿಕೆ ಮೂಟೆ ಹೊರಬರುವುದು ಕ್ಯಾಮೆರಾದಲ್ಲಿ ದಾಖಲಾಗುತ್ತದೆ. ಅದಕ್ಕೆ ಮುಂಚೆ ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆಯಿಂದಲೇ ಹಾಗೆ ದಾಖಲಿಸಬೇಕೆಂಬ ಕಡ್ಡಾಯ ಈ ಕಾನೂನುಗಳಲ್ಲಿಲ್ಲ. ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತನಿಗೆ ಇದೆ. ‘ಆದರೆ ವಿಚಾರಣೆಯ ಉದ್ದಕ್ಕೂ ಅಲ್ಲ’ ಎಂಬ ಮಾತು ಅದರ ಬೆನ್ನಿಗೇ ಇದೆ. ಆ ಮಾತನ್ನು ತೆಗೆದುಹಾಕಬೇಕು, ವಿಚಾರಣೆ ಪೂರ್ತಿ ದಾಖಲಾಗಬೇಕು ಎಂದು ನಮ್ಮ ವಕೀಲರ ಸಂಘಗಳು, ಪತ್ರಕರ್ತರು, ಶಾಸಕರು ಗಟ್ಟಿಯಾಗಿ ಕೇಳುವುದನ್ನು ನಾನು ಕಾಯುತ್ತಿದ್ದೇನೆ.