ಹುಡುಕುವುದು ಏನನ್ನ ಅಂತಲೇ ಗೊತ್ತಿಲ್ಲದಿದ್ದಾಗ

ಭೂಕಂಪ ಅಳೆಯುವ ಯಂತ್ರದ ಗೆರೆ ದಿನವಿಡೀ ನಡುಗುತ್ತಲೇ ಇರುತ್ತದೆ. ಲಾರಿ ಹೋದರೂ ನಡುಕ, ಜೋರು ಗಾಳಿ ಬೀಸಿದರೂ ನಡುಕ. ಆ ಗದ್ದಲದಲ್ಲಿ ಪುಟ್ಟ ಭೂಕಂಪಗಳು ಯಾರ ಕಣ್ಣಿಗೂ ಬೀಳದೆ ಮುಗಿದುಹೋಗುತ್ತವೆ. ಸಿಗುವ ಸುಳಿವು ಒಂದೇ. ನೆಲದೊಳಗಿನ ಬಿರುಕಿನ ಅದೇ ಜಾಗ ಮತ್ತೆ ಜಾರಿದರೆ, ಗೆರೆಯೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಮೂಡುತ್ತದೆ.

ಆಕಾರ ಮೊದಲೇ ಗೊತ್ತಿದ್ದರೆ ಹುಡುಕುವುದು ಸಲೀಸು. ಗೊತ್ತಿಲ್ಲದಿದ್ದರೆ ಪ್ರತಿ ತುಣುಕನ್ನೂ ಉಳಿದ ಎಲ್ಲದರ ಪಕ್ಕ ಇಟ್ಟು ನೋಡಬೇಕು. ಸೆಕೆಂಡಿಗೆ 20 ಸಲ ಅಳೆದರೆ ವಾರಕ್ಕೆ 1.2 ಕೋಟಿ ಅಂಕಿ. ಜೋಡಿಗಳು ಸುಮಾರು 73 ಲಕ್ಷ ಕೋಟಿ! ಎರಡು ವಾರದ್ದು ಬೇಕೆಂದರೆ ಕೆಲಸ ನಾಲ್ಕು ಪಟ್ಟು.

2002ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಜೆಸ್ಸಿಕಾ ಲಿನ್, ಏಮನ್ ಕಿಯೋ ಮತ್ತು ಜೊತೆಗಾರರು ಹೀಗೆ ಮರುಕಳಿಸುವ ತುಣುಕಿಗೆ 'ಮೋಟಿಫ್' ಅಂತ ಹೆಸರಿಟ್ಟರು. ಹೆಸರು ಡಿಎನ್‌ಎ ಓದುವವರಿಂದ ಎರವಲು ತಂದದ್ದು. ಮರುವರ್ಷ ಉಪಾಯವೂ ಅಲ್ಲಿಂದಲೇ ಬಂತು: ಗೆರೆಯನ್ನು ಅಕ್ಷರಗಳ ಪದವಾಗಿಸಿ, ಅಲ್ಲಲ್ಲಿ ಕೆಲವು ಅಕ್ಷರ ಮಾತ್ರ ಹೋಲಿಸುವುದು. ಬೇಗ ಮುಗಿಯುತ್ತದೆ ನಿಜ, ಆದರೆ ಕೆಲವು ಜೋಡಿ ಕೈತಪ್ಪಬಹುದು.

ಒಂದೂ ತಪ್ಪದ ದಾರಿಯನ್ನು 2009ರಲ್ಲಿ ಅಬ್ದುಲ್ಲಾ ಮುಯೀನ್ ಮತ್ತು ಕಿಯೋ ತಂಡ ತೋರಿಸಿತು. ನನಗೆ ತುಂಬಾ ಇಷ್ಟವಾದದ್ದು ಇದೇ. ನಮ್ಮ ಮನೆಯಿಂದ ಒಬ್ಬರ ಮನೆ 2 ಕಿಲೋಮೀಟರ್, ಇನ್ನೊಬ್ಬರದ್ದು 50. ಅವರಿಬ್ಬರು ಅಕ್ಕಪಕ್ಕದ ಮನೆಯವರಾಗಲು ಸಾಧ್ಯವೇ ಇಲ್ಲ ಅಲ್ವಾ? ಹಾಗೆಯೇ ಒಂದು ತುಣುಕಿನಿಂದ ಉಳಿದವುಗಳ ದೂರ, ಅಂದರೆ ಆಕಾರದ ವ್ಯತ್ಯಾಸ, ಅಳೆದಿಟ್ಟುಕೊಂಡರೆ, ಎಷ್ಟೋ ಜೋಡಿಗಳನ್ನು ಮುಟ್ಟುವುದೇ ಬೇಡ.

2015ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಹಾಡು ಗುರುತಿಸುವ ಆಪ್‌ಗಳ ತಂತ್ರವನ್ನು ಭೂಕಂಪಕ್ಕೆ ತಂದರು. ಪ್ರತಿ ತುಣುಕಿಗೂ ಒಂದು ಬೆರಳಚ್ಚು, ಅಂದರೆ ಅದನ್ನು ಗುರುತಿಸುವ ಪುಟ್ಟ ಸಾರಾಂಶ. ಒಂದೇ ಥರದ ಬೆರಳಚ್ಚುಗಳು ಒಂದೇ ಡಬ್ಬಿಗೆ ಬೀಳುತ್ತವೆ, ಡಬ್ಬಿಯೊಳಗಿನವನ್ನು ಮಾತ್ರ ಹೋಲಿಸಿದರಾಯಿತು. ಕ್ಯಾಲಿಫೋರ್ನಿಯಾದ ಕ್ಯಾಲವೆರಸ್ ಬಿರುಕಿನ ಹತ್ತಿರದ ಒಂದು ವಾರದ ದಾಖಲೆಗೆ ಎಲ್ಲ ಜೋಡಿ ಹೋಲಿಸುವ ಹಳೆಯ ವಿಧಾನ ಒಂಬತ್ತು ದಿನಕ್ಕೂ ಜಾಸ್ತಿ ತಿಂದಿತ್ತು. ಇದಕ್ಕೆ ಎರಡು ಗಂಟೆಯೂ ಹಿಡಿಯಲಿಲ್ಲ. ಆಗಲೇ ಗುರುತಿಸಿದ್ದ ಭೂಕಂಪಗಳ ಪಟ್ಟಿಯಲ್ಲಿದ್ದ 24ರಲ್ಲಿ 21 ಸಿಕ್ಕವು, ಪಟ್ಟಿಯಲ್ಲೇ ಇಲ್ಲದ 68 ಹೊಸದಾಗಿ ಸಿಕ್ಕವು. ಜೊತೆಗೆ ಒಂದಿಷ್ಟು ಸುಳ್ಳು ಗುರುತುಗಳೂ.

2016ರಲ್ಲಿ ಕಿಯೋ ತಂಡ 'ಮ್ಯಾಟ್ರಿಕ್ಸ್ ಪ್ರೊಫೈಲ್' ತಂದಿತು. ಪ್ರತಿ ತುಣುಕಿಗೂ ಅತಿ ಹತ್ತಿರದ ಜೋಡಿ ಎಷ್ಟು ದೂರ ಎಂಬ ಒಂದೇ ಅಂಕಿ ಇಟ್ಟುಕೊಂಡರೆ ಸಾಕು. ಆ ಅಂಕಿಗಳ ಗೆರೆ ಇಳಿದಲ್ಲಿ ಮರುಕಳಿಕೆ, ಏರಿದಲ್ಲಿ ಇನ್ನೆಲ್ಲೂ ಕಾಣದ ವಿಚಿತ್ರ. ಲೆಕ್ಕಕ್ಕೆ ಎರಡು ತುಣುಕುಗಳ ಅಂಕಿಗಳನ್ನು ಗುಣಿಸಿ ಕೂಡಬೇಕು. ತುಣುಕು ಕತ್ತರಿಸುವ ಚೌಕಟ್ಟು, ಅಂದರೆ 'ಕಿಟಕಿ', ಒಂದು ಹೆಜ್ಜೆ ಸರಿದರೆ ಹಿಂದಿನ ಮೊತ್ತದಿಂದ ಒಂದು ಗುಣಲಬ್ಧ ಕಳೆದು ಇನ್ನೊಂದು ಕೂಡಿಸುತ್ತಾರೆ, ಅಷ್ಟೇ. ಅದೇ ವರ್ಷ ಅವರು ಗ್ರಾಫಿಕ್ಸ್ ಚಿಪ್ ಹಚ್ಚಿ 10 ಕೋಟಿ ಅಂಕಿಗಳವರೆಗೂ ಹೋದರು.

ಆದರೂ ಕಿಟಕಿ ಎಷ್ಟು ಉದ್ದ ಇರಬೇಕು ಅಂತ ಸಾಮಾನ್ಯವಾಗಿ ನಾವೇ ಹೇಳಬೇಕು. ಮೂರು ಸೆಕೆಂಡೋ, ಮೂವತ್ತೋ?